ಮೂರು ಊರುಗಳ ತ್ರಿಕೋನ

ಅವಕಲ ಜ್ಯಾಮಿತಿಯನ್ನು ಹೊಸದಾಗಿ ಕಲಿಯತೊಡಗಿದ ಕೃಷ್ಣರಾಜನಗರದ ವಿದ್ಯಾರ್ಥಿಯೊಬ್ಬನು ಮೇಲ್ಮೈಗಳ ವಕ್ರತೆಯನ್ನು ಗಣಿಸಿ ನಮ್ಮ ಬಳಿಗೆ ತಂದನು. ಗೋಳಕ್ಕೆ ಬಂದ ಉತ್ತರ, ತ್ರಿಜ್ಯದ ವರ್ಗದಿಂದ ಒಂದನ್ನು ಭಾಗಿಸಿದಷ್ಟು, ಅದು ಸರಿಯೆ. ಆದರೆ ನೀರಿನ ಕೊಳವೆಗೆ ಬಂದುದು ಸೊನ್ನೆ! "ಕೊಳವೆ ದುಂಡಗಿರುವುದು ಕಣ್ಣಿಗೇ ಕಾಣುತ್ತದೆಯಲ್ಲ ಸಾರ್, ಲೆಕ್ಕ ಎಲ್ಲಿ ತಪ್ಪಿತು?" ಎಂಬುದು ಅವನ ಅಳಲು.

ಲೆಕ್ಕ ತಪ್ಪಿರಲಿಲ್ಲ. ಮೇಲ್ಮೈಯ ಯಾವುದೇ ಬಿಂದುವಿನಲ್ಲಿ ಅತಿ ಹೆಚ್ಚು ಬಾಗಿದ ದಿಕ್ಕೊಂದು, ಅತಿ ಕಡಿಮೆ ಬಾಗಿದ ದಿಕ್ಕೊಂದು ಉಂಟು. ಆ ಎರಡು ಬಾಗುಗಳ ಗುಣಲಬ್ಧವೇ ಗೌಸ್ ವಕ್ರತೆ. ಕೊಳವೆಯ ಉದ್ದಕ್ಕೆ ಬಾಗೇ ಇಲ್ಲ. ಸೊನ್ನೆಯಿಂದ ಗುಣಿಸಿದುದೆಲ್ಲ ಸೊನ್ನೆ. ಕಾಗದದ ಮೇಲೆ ತ್ರಿಕೋನವನ್ನು ಬರೆದು, ಸುರುಳಿ ಸುತ್ತಿ ನೋಡಿರಿ. ಭುಜಗಳ ಉದ್ದವಾಗಲಿ ಕೋನಗಳಾಗಲಿ ಬದಲಾಗವು. ಅದೇ ಕಾಗದವನ್ನು ಚೆಂಡಿಗೆ ಅಂಟಿಸಹೊರಟರೆ ಸುಕ್ಕುಗಟ್ಟದೆ ಇರದು. ಮೇಲ್ಮೈಯನ್ನು ಬಿಟ್ಟು ಹೊರಬರದೆ, ಅದರ ಮೇಲಿನ ಅಳತೆಗಳಿಂದಲೇ ಈ ವಕ್ರತೆಯನ್ನು ಅರಿಯಬಹುದೆಂದು ಗೌಸನು ೧೮೨೭ರಲ್ಲಿ ಸಾಧಿಸಿ ತೋರಿಸಿದನು.

ಹಾಗಾದರೆ ಭೂಮಿಯ ದುಂಡುತನವನ್ನು ನಮ್ಮ ಸೀಮೆಯ ನೆಲದ ಮೇಲೆಯೇ ಅಳೆಯಬಹುದಷ್ಟೆ? ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ—ಈ ಮೂರನ್ನು ನಕ್ಷೆಯಲ್ಲಿ ಕೂಡಿಸಿದರೆ ಹುಣಸೂರು ಒಳಗಾಗುವಂತೆ ಒಂದು ತ್ರಿಕೋನವಾಗುತ್ತದೆ. ಭುಜಗಳು ಸುಮಾರು ೩೩, ೪೦, ೩೭ ಕಿಲೋಮೀಟರು. ಕ್ಷೇತ್ರಫಲ ೬೦೦ ಚದರ ಕಿಲೋಮೀಟರಿಗೆ ತುಸು ಕಡಿಮೆ. ಗೋಳದ ಮೇಲೆ ತ್ರಿಕೋನದ ಕೋನಗಳ ಮೊತ್ತ ೧೮೦ ಡಿಗ್ರಿಯನ್ನು ಮೀರುವುದು; ಮೀರುವ ಪ್ರಮಾಣ ಕ್ಷೇತ್ರಫಲವನ್ನು ವಕ್ರತೆಯಿಂದ ಗುಣಿಸಿದಷ್ಟು. ಭೂಮಿಯ ತ್ರಿಜ್ಯವನ್ನು ೬,೩೭೧ ಕಿಲೋಮೀಟರೆಂದು ಹಿಡಿದು ವಿದ್ಯಾರ್ಥಿಯು ಗುಣಿಸಿದನು. ರೇಡಿಯನ್ನಿನಲ್ಲಿ ಬಂದ ಉತ್ತರವನ್ನು ತಿರುಗಿಸಿದಾಗ ಸುಮಾರು ೩ ಸೆಕೆಂಡು. ಡಿಗ್ರಿಯೊಂದಕ್ಕೆ ಸೆಕೆಂಡುಗಳು ೩,೬೦೦! ೨೫ ಮಿಲಿಮೀಟರು ಅಗಲದ ನಾಣ್ಯವನ್ನು ೧.೭ ಕಿಲೋಮೀಟರು ದೂರದಿಂದ ನೋಡಿದರೆ ಇಷ್ಟೇ ಕೋನ. ಕರ್ನಾಟಕದಷ್ಟೇ ವಿಸ್ತಾರದ ತ್ರಿಕೋನವನ್ನು ತೆಗೆದುಕೊಂಡರೂ ಹೆಚ್ಚುವರಿ ೧೬ ಮಿನಿಟುಗಳ ಸುಮಾರಿಗೆ ನಿಲ್ಲುವುದು.

ಇಷ್ಟು ಸೂಕ್ಷ್ಮವನ್ನು ಯಾರು ಲೆಕ್ಕಿಸಿಯಾರು ಎನ್ನಬೇಡಿ. ೧೮೦೨ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ಹೊರಟ ವಿಲಿಯಂ ಲ್ಯಾಂಬ್ಟನ್, ಅರ್ಧ ಟನ್ನು ತೂಗುವ ಥಿಯೊಡೊಲೈಟನ್ನು ಹೊರಿಸಿಕೊಂಡು, ಮೈಸೂರು ಸೀಮೆಯನ್ನು ಹಾದು ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳನ್ನು ಹೆಣೆದನು. ಊರಿನಿಂದ ಊರು ಕಾಣದಾದುದರಿಂದ ಬೆಟ್ಟದ ತುದಿಗಳೇ ಅವನಿಗೆ ಶೃಂಗಗಳು. ಮೂರೂ ಕೋನಗಳನ್ನು ಕೂಡಿಸಿ, ಮೊತ್ತದಿಂದ ಭೂಮಿಯ ಪಾಲಿನ ಆ ಕೆಲವು ಸೆಕೆಂಡುಗಳನ್ನು ಮೊದಲು ಕಳೆದು, ಆಮೇಲೆ ೧೮೦ ಡಿಗ್ರಿಗೆ ಹೆಚ್ಚುಕಡಮೆಯಾಗಿ ಉಳಿದುದನ್ನಷ್ಟೇ ಅಳತೆಯ ದೋಷವೆಂದು ಎಣಿಸುವುದು ಅಂತಹ ಮೋಜಣಿಯ ಕ್ರಮ.