ವೃತ್ತದ ಕೆಳಗಿನ ಆ ಒಂದು ಸಾಲು

ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಯಾರನ್ನು ಕೇಳಿದರೂ ‘ಡಿಐ’ ಎಂದರೇನೆಂದು ಹೇಳುತ್ತಾರೆ. ಒಂದು ಕೋಷ್ಟಕವನ್ನೋ ಚಾರ್ಟನ್ನೋ ಕೊಟ್ಟು, ಅದರ ಮೇಲೆ ನಾಲ್ಕೈದು ಲೆಕ್ಕ ಕೇಳುವ ಪ್ರಶ್ನೆಗಳು. ಈ ಚಾರ್ಟ್‌ಗಳ ಮೂಲ ಹುಡುಕುತ್ತ ಹೋದರೆ ಸಿಗುವವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್.

ಉಗಿಯಂತ್ರದ ಜೇಮ್ಸ್ ವಾಟ್ ಬಳಿ ನಕ್ಷೆ ಬರೆಯುವ ಕೆಲಸ ಮಾಡಿದ್ದ ಪ್ಲೇಫೇರ್ 1786ರಲ್ಲಿ ‘ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್’ ಪ್ರಕಟಿಸಿದ. ವರ್ಷ ವರ್ಷದ ವ್ಯಾಪಾರದ ಏರಿಳಿತವನ್ನು ಅದರಲ್ಲಿ ಗೆರೆಗಳಾಗಿ ಬರೆದಿದ್ದ. ಸ್ಕಾಟ್ಲೆಂಡಿನ ಸರದಿ ಬಂದಾಗ ಮಾತ್ರ ಅವನ ಕೈಯಲ್ಲಿದ್ದದ್ದು ಒಂದೇ ವರ್ಷದ ಲೆಕ್ಕ. ಒಂದು ವರ್ಷಕ್ಕೆ ಏರುವ ಗೆರೆ ಎಲ್ಲಿಂದ ಬರಬೇಕು? 17 ಕಡೆಗಳ ಜೊತೆಗಿನ ಆಮದು, ರಫ್ತಿಗೆ ಜೋಡಿ ಜೋಡಿ ಪಟ್ಟಿ ಎಳೆದ. 43 ಗೆರೆಚಿತ್ರಗಳ ನಡುವೆ ಒಂಟಿಯಾಗಿದ್ದ, ಮಾಹಿತಿ ಸಾಲದೆ ಹುಟ್ಟಿದ ಆ ಚಿತ್ರವೇ ಬಾರ್ ಚಾರ್ಟಿನ ಮೊದಲ ದೊಡ್ಡ ಹೆಜ್ಜೆ.

1801ರ ‘ಸ್ಟ್ಯಾಟಿಸ್ಟಿಕಲ್ ಬ್ರೀವಿಯರಿ’ಯಲ್ಲಿ ವೃತ್ತಗಳು ಬಂದವು. ತುರ್ಕಿ ಸಾಮ್ರಾಜ್ಯದ ವೃತ್ತವನ್ನು ಏಷ್ಯಾ, ಯುರೋಪ್, ಆಫ್ರಿಕಾ ಎಂದು ಹೋಳು ಮಾಡಿದ. ಅದೇ ಪೈ ಚಾರ್ಟ್. ಟಿಪ್ಪು ಸತ್ತು ಎರಡು ವರ್ಷವಾಗಿದ್ದಾಗ ಬಂದ ಆ ಪುಸ್ತಕಕ್ಕೆ ಹಿಂದೂಸ್ತಾನದ ಆಳುವ ಶಕ್ತಿಗಳ ಚಿತ್ರಣವನ್ನೂ ಸೇರಿಸಿದ್ದ. ದೇಶ ದೊಡ್ಡದಾದರೆ ವೃತ್ತವೂ ದೊಡ್ಡದು ಎಂಬ ಅವನ ನಿಯಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಪರೀಕ್ಷೆಯೊಳಗೆ ಚಾರ್ಟ್ ಕಾಲಿಟ್ಟದ್ದು ಬಹಳ ತಡವಾಗಿ. ಅಮೆರಿಕದ ಅಯೋವಾದಲ್ಲಿ ಇ. ಎಫ್. ಲಿಂಡ್‌ಕ್ವಿಸ್ಟ್ 1930ರ ದಶಕದಲ್ಲಿ ಶಾಲಾ ಮಕ್ಕಳಿಗೆ ರೂಪಿಸಿದ ಪರೀಕ್ಷೆಗಳಲ್ಲಿ ಭೂಪಟ, ಗ್ರಾಫ್, ಕೋಷ್ಟಕ ಓದುವುದೂ ಒಂದು ಕೌಶಲವೆಂದು ಎಣಿಕೆಗೆ ಬಂತು. ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ ಎಸ್‌ಎಟಿ 2016ರಲ್ಲಿ ಹೊಸ ರೂಪ ಪಡೆದಾಗ ಗಣಿತದ 58 ಪ್ರಶ್ನೆಗಳ ಪೈಕಿ 17 ದತ್ತಾಂಶ ವಿಶ್ಲೇಷಣೆಯವಾಗಿದ್ದವು. ನಮ್ಮಲ್ಲಿ ಯುಪಿಎಸ್‌ಸಿ 2011ರಲ್ಲಿ ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಗೆ ಸಿಸ್ಯಾಟ್ ಪತ್ರಿಕೆ ತಂದಾಗ ಹತ್ತನೇ ತರಗತಿ ಮಟ್ಟದ ಚಾರ್ಟ್, ಗ್ರಾಫ್, ಕೋಷ್ಟಕಗಳು ಪಠ್ಯಕ್ರಮದಲ್ಲೇ ಸೇರಿದವು.

ಈಗ ಒಂದು ಮಾದರಿ ನೋಡಿ. ಎರಡು ಕುಟುಂಬಗಳ ತಿಂಗಳ ಖರ್ಚಿನ ಎರಡು ಪೈ ಚಾರ್ಟ್. ಊಟದ ಪಾಲು ಮೊದಲನೆಯದರಲ್ಲಿ ಶೇ 40, ಎರಡನೆಯದರಲ್ಲಿ ಶೇ 25. ಊಟಕ್ಕೆ ಹೆಚ್ಚು ಹಣ ಹಾಕುವವರು ಯಾರು? ಕಣ್ಣು ಮೊದಲನೆಯದನ್ನೇ ತೋರಿಸುತ್ತದೆ. ಆದರೆ ವೃತ್ತಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಒಟ್ಟು ಖರ್ಚು ಇದೆ: 20,000 ರೂಪಾಯಿ, 40,000 ರೂಪಾಯಿ. ಊಟಕ್ಕೆ ಮೊದಲನೆಯವರದು 8,000, ಎರಡನೆಯವರದು 10,000. ಪ್ಲೇಫೇರ್ ಬರೆದಿದ್ದರೆ ಎರಡನೆಯ ವೃತ್ತದ ವಿಸ್ತೀರ್ಣ ಮೊದಲನೆಯದರ ಎರಡರಷ್ಟಿರುತ್ತಿತ್ತು, ಕಣ್ಣು ಮೋಸಹೋಗುತ್ತಿರಲಿಲ್ಲ. ಪ್ರಶ್ನೆಪತ್ರಿಕೆ ಎರಡನ್ನೂ ಒಂದೇ ಅಳತೆಗೆ ಬರೆಯುತ್ತದೆ, ಅಳತೆಯ ಹೊಣೆಯನ್ನು ಓದುವವರ ಮೇಲೆ ಹಾಕುತ್ತದೆ. ಇಂಥ ಪ್ರಶ್ನೆ ಒಳ್ಳೆಯದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಪತ್ರಿಕೆಗಳಲ್ಲೂ ಜಾಹೀರಾತುಗಳಲ್ಲೂ ನಾವು ಎಡವುವುದು ಇಲ್ಲಿಯೇ.

ನನಗೆ ಬೇಸರ ತರಿಸುವ ಬಗೆ ಬೇರೆ: ಬಾರ್‌ಗಳ ಎತ್ತರ 347, 289, 413 ಎಂದಿಟ್ಟು ಸರಾಸರಿಯ ಶೇಕಡಾವಾರು ಕೇಳುವುದು. ಬ್ಯಾಂಕ್ ಪಿಒ ಪೂರ್ವಭಾವಿ ಪರೀಕ್ಷೆಯಲ್ಲಿ ಹತ್ತಾರು ಲೆಕ್ಕಗಳಿಗೆ 20 ನಿಮಿಷ, ಕ್ಯಾಲ್ಕ್ಯುಲೇಟರ್ ಇಲ್ಲ. ಅಲ್ಲಿ ಚಾರ್ಟನ್ನು ನೋಡುವವರೇ ಇಲ್ಲ; ಅಂಕಿಗಳನ್ನು ಕಿತ್ತುಕೊಂಡು ಭಾಗಾಕಾರಕ್ಕೆ ಓಡುತ್ತಾರೆ. ಅದಕ್ಕೆ ಚಿತ್ರವೇ ಬೇಕಿರಲಿಲ್ಲ, ಕೋಷ್ಟಕ ಸಾಕಿತ್ತು.