ದೂಳು ಹಿಡಿಯುವುದು ಫೋಮ್ ಅಲ್ಲ, ಅದರ ಮೇಲಿನ ಎಣ್ಣೆ: ಡರ್ಟ್ ಬೈಕ್ ಏರ್ ಫಿಲ್ಟರ್ ಆರೈಕೆ ಹೇಗೆ?

ಬೆಂಗಳೂರು: ಡರ್ಟ್ ಬೈಕ್‌ನ ಎಂಜಿನ್ ಕೆಡಬೇಕಾದರೆ ಅದು ಬಂಡೆಗೆ ಅಪ್ಪಳಿಸಬೇಕೆಂದೇನೂ ಇಲ್ಲ. ಹಿಟ್ಟಿನಷ್ಟು ನುಣುಪಾದ ದೂಳು ಗಾಳಿಯೊಂದಿಗೆ ಸಿಲಿಂಡರ್ ಹೊಕ್ಕರೆ ಸಾಕು. ಹೊಸ ಪಿಸ್ಟನ್ ಮತ್ತು ರಿಂಗುಗಳು ಕೆಲವೇ ಸವಾರಿಗಳಲ್ಲಿ ಸವೆದು, ಎಂಜಿನ್ ಬಿಚ್ಚಿಸಬೇಕಾದ ದುಬಾರಿ ಪರಿಸ್ಥಿತಿ ಎದುರಾಗುತ್ತದೆ. ಈ ನಷ್ಟವನ್ನು ತಡೆಯುವ ಹೊಣೆ ಹೊತ್ತಿರುವುದು ಸೀಟಿನ ಕೆಳಗೋ ಪಕ್ಕದ ಮುಚ್ಚಳದ ಹಿಂದೆಯೋ ಅಡಗಿ ಕುಳಿತಿರುವ ಸ್ಪಂಜಿನಂಥ ಒಂದು ತುಂಡು. ಅದೇ ಫೋಮ್ ಏರ್ ಫಿಲ್ಟರ್.

ರಾಜ್ಯದಲ್ಲಿ ಡರ್ಟ್ ಬೈಕ್ ಸವಾರಿಯ ಹವ್ಯಾಸ ಈಗ ಅಪರಿಚಿತವಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಎನಿಸಿಕೊಂಡರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗದ ಪ್ರಶಸ್ತಿ ಗೆದ್ದರು. ಇಂತಹ ಸಾಧನೆಗಳಿಂದ ಪ್ರೇರಿತರಾಗಿ ವಾರಾಂತ್ಯದಲ್ಲಿ ಮಣ್ಣಿನ ಹಾದಿ ಹಿಡಿಯುವ ನಗರವಾಸಿಗಳು ಹೆಲ್ಮೆಟ್, ಬೂಟುಗಳ ಬಗ್ಗೆ ವಹಿಸುವ ಎಚ್ಚರವನ್ನು ಏರ್ ಫಿಲ್ಟರ್ ಬಗ್ಗೆಯೂ ವಹಿಸುವುದು ಅಗತ್ಯ. ಏಕೆಂದರೆ, ಪೇಟೆಯ ರಸ್ತೆಯಲ್ಲಿ ತಿಂಗಳುಗಟ್ಟಲೆ ನಡೆಯುವ ಉದಾಸೀನ ಬೇಸಿಗೆಯ ಕೆಮ್ಮಣ್ಣಿನ ಹಾದಿಯಲ್ಲಿ ಒಂದು ದಿನವೂ ನಡೆಯದು.

ಎಂಜಿನ್ ಎಳೆಯುವ ಗಾಳಿ ಎಷ್ಟು?

ಒಂದು ಕಿಲೋ ಪೆಟ್ರೋಲ್ ಸಂಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ಎಂಜಿನ್ ಸುಮಾರು 9 ಸಾವಿರ ಲೀಟರ್ ಗಾಳಿಯನ್ನು ಒಳಗೆಳೆದುಕೊಂಡಿರುತ್ತದೆ. 250 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 10 ಸಾವಿರ ಸುತ್ತು ತಿರುಗುವಾಗ, ಸಿಲಿಂಡರ್ ಪ್ರತಿ ಬಾರಿ ಪೂರ್ತಿ ತುಂಬುತ್ತದೆ ಎಂದುಕೊಂಡರೆ, ನಿಮಿಷಕ್ಕೆ 1,250 ಲೀಟರ್ ಗಾಳಿ ಬೇಕಾಗುತ್ತದೆ. ಮುಂದಿನ ಬೈಕ್‌ನ ಚಕ್ರ ಎಬ್ಬಿಸಿದ ದೂಳಿನ ಮೋಡದೊಳಗೆ ಸಾಗುವ ಬೈಕ್ ಇಷ್ಟೂ ಗಾಳಿಯನ್ನು ಆ ಮೋಡದಿಂದಲೇ ಹೀರುತ್ತದೆ.

ಮಣ್ಣಿನ ದೂಳಿನಲ್ಲಿ ಬೆಣಚುಕಲ್ಲಿನ ಕಣಗಳು ಹೇರಳವಾಗಿರುತ್ತವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7ರ ಸ್ಥಾನ. ಅಲ್ಯೂಮಿನಿಯಂ 3ನ್ನೂ ಮುಟ್ಟುವುದಿಲ್ಲ. ಪಿಸ್ಟನ್ ತಯಾರಾಗುವುದು ಅಲ್ಯೂಮಿನಿಯಂ ಮಿಶ್ರಲೋಹದಿಂದ. ಪಿಸ್ಟನ್ ಹಾಗೂ ಸಿಲಿಂಡರ್ ಗೋಡೆಯ ನಡುವಿನ ಅಂತರ ತಲೆಗೂದಲಿನ ದಪ್ಪದ ಆಸುಪಾಸಿನಲ್ಲಿರುತ್ತದೆ. ಆ ಕಿರಿದಾದ ಜಾಗಕ್ಕೆ ನುಗ್ಗಿದ ಕಣಗಳು ಎಣ್ಣೆಯೊಂದಿಗೆ ಬೆರೆತು ಸಾಣೆ ಹಿಡಿಯುವ ಲೇಪದಂತೆ ವರ್ತಿಸುತ್ತವೆ.

ಕಣ್ಣಿಗೆ ಕಾಣದ ಹಾನಿ

ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಗಾಳಿ ಮೊದಲು ಕ್ರ್ಯಾಂಕ್‌ಕೇಸ್ ಪ್ರವೇಶಿಸಿ ಬಳಿಕ ಸಿಲಿಂಡರ್ ಸೇರುತ್ತದೆ. ಹೀಗಾಗಿ ದೂಳಿನ ಪೆಟ್ಟು ಪಿಸ್ಟನ್ ಜೊತೆಗೆ ಕ್ರ್ಯಾಂಕ್ ಬೇರಿಂಗ್‌ಗಳಿಗೂ ತಟ್ಟುತ್ತದೆ. ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಗಾಳಿಯ ದಾರಿಯಲ್ಲಿ ಮೊದಲು ಸಿಗುವುದು ಇನ್‌ಟೇಕ್ ವಾಲ್ವ್. ಆಧುನಿಕ ಮೋಟೊಕ್ರಾಸ್ ಬೈಕ್‌ಗಳಲ್ಲಿ ತೂಕ ಕಡಿಮೆ ಮಾಡುವ ಉದ್ದೇಶದಿಂದ ಟೈಟಾನಿಯಂ ವಾಲ್ವ್‌ಗಳನ್ನು ಬಳಸುವುದುಂಟು. ಇವುಗಳ ಮೇಲಿನ ತೆಳುವಾದ ಗಟ್ಟಿ ಲೇಪನವನ್ನು ದೂಳು ಉಜ್ಜಿ ಹಾಕಿದರೆ ವಾಲ್ವ್ ತನ್ನ ಆಸನದೊಳಗೆ ಕುಸಿಯುತ್ತಾ ಹೋಗುತ್ತದೆ. ವಾಲ್ವ್ ಕ್ಲಿಯರೆನ್ಸ್ ಕಡಿಮೆಯಾಗುತ್ತದೆ. ಬೈಕ್ ಸುಲಭವಾಗಿ ಸ್ಟಾರ್ಟ್ ಆಗದಿರುವುದೇ ಇದರ ಮೊದಲ ಲಕ್ಷಣ.

ಕಂಪ್ರೆಶನ್ ಕುಸಿಯುವುದು, ಎಂಜಿನ್ ಆಯಿಲ್ ಬೇಗನೆ ಕಡಿಮೆಯಾಗುವುದು, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುವುದು ನಂತರದ ಹಂತಗಳು. ಲಕ್ಷಣ ಕಾಣಿಸುವ ಹೊತ್ತಿಗೆ ಸವೆತ ಆಗಿಹೋಗಿರುತ್ತದೆ. ಆಮೇಲೆ ಫಿಲ್ಟರ್ ಎಷ್ಟೇ ಚೊಕ್ಕಟ ಮಾಡಿದರೂ ಹೋದ ಲೋಹ ಮರಳಿ ಬಾರದು.

ಜರಡಿಯಲ್ಲ, ಅಂಟು

ಫೋಮ್ ಫಿಲ್ಟರ್ ಎಂದರೆ ಜರಡಿ ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ವಾಸ್ತವವಾಗಿ, ಪಾಲಿಯುರೆಥೇನ್‌ನಿಂದ ತಯಾರಾದ ಈ ಫೋಮ್‌ನ ರಂಧ್ರಗಳು ನುಣುಪು ದೂಳಿನ ಕಣಗಳಿಗಿಂತ ಬಹಳ ದೊಡ್ಡವು. ಎಣ್ಣೆ ಹಚ್ಚದ ಒಣ ಫೋಮ್ ಎಲೆ, ಕಡ್ಡಿ, ದಪ್ಪ ಮರಳನ್ನು ತಡೆದೀತೇ ಹೊರತು ನುಣುಪು ದೂಳನ್ನು ತಡೆಯಲಾರದು.

ಹಾಗಾದರೆ ಇದು ಕೆಲಸ ಮಾಡುವುದು ಹೇಗೆ? ಫೋಮ್‌ನ ಒಳಗೆ ಗಾಳಿಗೆ ನೇರವಾದ ದಾರಿಯಿಲ್ಲ. ಅದು ನೂರಾರು ಎಳೆಗಳ ನಡುವೆ ತಿರುತಿರುಗಿ ಸಾಗಬೇಕು. ಹಗುರವಾದ ಗಾಳಿ ಸುಲಭವಾಗಿ ತಿರುಗುತ್ತದೆ. ಭಾರವಾದ ದೂಳಿನ ಕಣ ಅಷ್ಟು ಬೇಗ ತಿರುಗಲಾರದೆ ಎಳೆಗೆ ಬಡಿಯುತ್ತದೆ. ಆ ಎಳೆಯ ಮೇಲೆ ಅಂಟಾದ ಎಣ್ಣೆ ಇದ್ದರೆ ಕಣ ಅಲ್ಲಿಯೇ ಸೆರೆಯಾಗುತ್ತದೆ. ಎಣ್ಣೆ ಇಲ್ಲದಿದ್ದರೆ ಪುಟಿದು ಮುಂದೆ ಸಾಗುತ್ತದೆ. ಆದ್ದರಿಂದ ದೂಳು ಹಿಡಿಯುವ ನಿಜವಾದ ಕೆಲಸ ಎಣ್ಣೆಯದು. ಫೋಮ್ ಆ ಎಣ್ಣೆಯನ್ನು ಹೊತ್ತಿರುವ ಚೌಕಟ್ಟು ಮಾತ್ರ.

ಅನೇಕ ಫಿಲ್ಟರ್‌ಗಳಲ್ಲಿ ಎರಡು ಪದರಗಳಿರುತ್ತವೆ. ಹೊರಗಿನ ಪದರದ ರಂಧ್ರಗಳು ದೊಡ್ಡವು, ಒಳಗಿನವು ಚಿಕ್ಕವು. ದೂಳು ಮೇಲ್ಮೈಯಲ್ಲೇ ನಿಲ್ಲದೆ ಫೋಮ್‌ನ ಆಳದುದ್ದಕ್ಕೂ ಹಂಚಿಹೋಗುವುದರಿಂದ, ಸಾಕಷ್ಟು ಕೊಳೆಯಾದ ಮೇಲೂ ಗಾಳಿಯ ಹರಿವು ಒಮ್ಮೆಲೇ ಕಟ್ಟಿಕೊಳ್ಳುವುದಿಲ್ಲ. ಕಾಗದದ ಫಿಲ್ಟರ್‌ಗಿಂತ ಫೋಮ್ ಡರ್ಟ್ ಬೈಕ್‌ಗಳಿಗೆ ಹೆಚ್ಚು ಒಗ್ಗಲು ಇದೇ ಕಾರಣ. ಜೊತೆಗೆ ಇದನ್ನು ತೊಳೆದು ಮತ್ತೆ ಬಳಸಬಹುದು.

ತೊಳೆಯುವ ಮುನ್ನ

ಫಿಲ್ಟರ್ ಕಳಚುವ ಹೊತ್ತಿನಲ್ಲೇ ಅದರ ಮೇಲಿನ ಮಣ್ಣು ಗಾಳಿಯ ದ್ವಾರಕ್ಕೆ ಉದುರುವ ಅಪಾಯವಿದೆ. ಮೊದಲು ಸೀಟು ಮತ್ತು ಏರ್ ಬಾಕ್ಸ್ ಸುತ್ತಲಿನ ಮಣ್ಣನ್ನು ಒರೆಸಬೇಕು. ಫಿಲ್ಟರನ್ನು ಅಲುಗಾಡಿಸದೆ ಹೊರತೆಗೆದು, ತಕ್ಷಣ ಗಾಳಿಯ ದ್ವಾರವನ್ನು ಚೊಕ್ಕಟ ಬಟ್ಟೆಯಿಂದ ಮುಚ್ಚಬೇಕು. ಬೈಕ್ ಜೋಡಿಸುವಾಗ ಈ ಬಟ್ಟೆಯನ್ನು ತೆಗೆಯಲು ಮರೆಯಬಾರದು.

ಫಿಲ್ಟರ್‌ನ ಒಳಮೈ ಹಾಗೂ ಗಾಳಿ ಕೊಳವೆಯ ಒಳಭಾಗವನ್ನು ಬಿಳಿ ಬಟ್ಟೆಯಿಂದ ಒಮ್ಮೆ ಸವರಿ ನೋಡುವುದು ಉತ್ತಮ ಅಭ್ಯಾಸ. ಬಟ್ಟೆಗೆ ದೂಳು ಹತ್ತಿದರೆ ಫಿಲ್ಟರ್ ದೂಳನ್ನು ಒಳಬಿಟ್ಟಿದೆ ಎಂದೇ ಅರ್ಥ. ಎಣ್ಣೆ ಸಾಲದಿರುವುದು, ಫೋಮ್ ಹರಿದಿರುವುದು ಅಥವಾ ಅಂಚು ಸರಿಯಾಗಿ ಕೂರದಿರುವುದು ಇದಕ್ಕೆ ಸಾಮಾನ್ಯ ಕಾರಣಗಳು.

ಪೆಟ್ರೋಲ್ ಬೇಡವೇ ಬೇಡ

ಕೈಗೆ ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಫಿಲ್ಟರನ್ನು ಪೆಟ್ರೋಲ್‌ನಲ್ಲಿ ಅದ್ದಿ ತೊಳೆಯುವ ಪದ್ಧತಿ ಇದೆ. ಇದು ಎರಡು ಕಾರಣಗಳಿಗೆ ಅಪಾಯಕಾರಿ. ಮೊದಲನೆಯದು ಬೆಂಕಿ. ಪೆಟ್ರೋಲ್ ಮೈನಸ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೊತ್ತಿಕೊಳ್ಳಬಲ್ಲ ಆವಿಯನ್ನು ಹೊಮ್ಮಿಸುತ್ತದೆ. ಆ ಆವಿ ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿ ಹರಡಿ ದೂರದ ಕಿಡಿಯನ್ನೂ ತಲುಪಬಲ್ಲದು. ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯಲ್ಲಾಗಲಿ, ಅಪಾರ್ಟ್‌ಮೆಂಟ್‌ನ ತಳಮಹಡಿಯಲ್ಲಾಗಲಿ ಈ ಕೆಲಸ ಮಾಡುವುದು ಅನಾಹುತಕ್ಕೆ ಆಹ್ವಾನವಿತ್ತಂತೆ. ಎರಡನೆಯದಾಗಿ, ಫೋಮ್ ಪದರಗಳನ್ನು ಹಿಡಿದಿಟ್ಟಿರುವ ಅಂಟನ್ನು ಪೆಟ್ರೋಲ್ ಸಡಿಲಗೊಳಿಸುತ್ತದೆ. ಬಿರುಕು ಬಿಟ್ಟ ಬೆಸುಗೆಯ ಸಂದಿಯಲ್ಲಿ ದೂಳು ಯಾವ ತಡೆಯೂ ಇಲ್ಲದೆ ನುಸುಳುತ್ತದೆ.

ಫಿಲ್ಟರ್ ಎಣ್ಣೆಯ ಜೊತೆಯಲ್ಲೇ ಮಾರಾಟವಾಗುವ ಕ್ಲೀನರ್ ಬಳಸುವುದು ಸೂಕ್ತ. ಬರೀ ಸೋಪಿನ ನೀರಿಗೆ ಅಂಟಾದ ಎಣ್ಣೆ ಪೂರ್ತಿ ಬಿಡುವುದಿಲ್ಲ. ತೊಳೆಯುವ ಕ್ರಮ ಹೀಗಿದೆ:

1. ಕೈಗವಸು ಧರಿಸಿ, ಫಿಲ್ಟರನ್ನು ಒಳಗಿನ ಪ್ಲಾಸ್ಟಿಕ್ ಪಂಜರದಿಂದ ಬೇರ್ಪಡಿಸಬೇಕು.

2. ಗಾಳಿಯಾಡುವ ಜಾಗದಲ್ಲಿ ಕ್ಲೀನರ್‌ನಲ್ಲಿ ಅದ್ದಿ, ಅಂಗೈಗಳ ನಡುವೆ ಮೆಲ್ಲನೆ ಅದುಮಿ ಹಳೆಯ ಎಣ್ಣೆ ಮತ್ತು ಮಣ್ಣನ್ನು ಹೊರಬಿಡಬೇಕು. ಒದ್ದೆ ಬಟ್ಟೆಯಂತೆ ತಿರುಚಿ ಹಿಂಡಿದರೆ ಅಂಟಿನ ಬೆಸುಗೆ ಕಿತ್ತುಬರುತ್ತದೆ.

3. ಉಗುರುಬೆಚ್ಚಗಿನ ನೀರು ಹಾಗೂ ಪಾತ್ರೆ ತೊಳೆಯುವ ದ್ರವ ಸೋಪಿನಲ್ಲಿ ತೊಳೆದು, ಒಳಗಿನಿಂದ ಹೊರಕ್ಕೆ ನೀರು ಹಾಯಿಸಬೇಕು.

4. ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ರಭಸದ ಕಂಪ್ರೆಸರ್ ಗಾಳಿ, ಸುಡುವ ಬಿಸಿ ಎರಡೂ ಫೋಮ್‌ಗೆ ಹಾನಿಕರ.

5. ಒಣಗಿದ ಮೇಲೆ ಬೆಳಕಿಗೆ ಹಿಡಿದು ತೂತು, ಹರಿದ ಅಂಚು, ಬಿಟ್ಟುಕೊಂಡ ಬೆಸುಗೆ ಇದೆಯೇ ಪರೀಕ್ಷಿಸಬೇಕು. ಮುಟ್ಟಿದರೆ ಪುಡಿಯಾಗುವಷ್ಟು ಹಳತಾದ ಫೋಮನ್ನು ಎಸೆದು ಹೊಸದು ಹಾಕುವುದೇ ಲೇಸು.

ಬಳಸಿದ ಕ್ಲೀನರನ್ನು ಚರಂಡಿಗಾಗಲಿ ಮಣ್ಣಿಗಾಗಲಿ ಸುರಿಯಬಾರದು. ಡಬ್ಬಿಯಲ್ಲಿ ತಂಗಲು ಬಿಟ್ಟರೆ ಮಣ್ಣು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಮುಂದಿನ ಬಾರಿಯ ಮೊದಲ ತೊಳೆತಕ್ಕೆ ಬಳಸಬಹುದು. ಉಳಿದದ್ದನ್ನು ಹಳೆಯ ಎಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸುವುದು ಸೂಕ್ತ.

ಎಣ್ಣೆ ಎಷ್ಟು, ಎಲ್ಲಿ?

ಫೋಮ್ ಸಂಪೂರ್ಣ ಒಣಗಿದ ನಂತರವೇ ಎಣ್ಣೆಯ ಸರದಿ. ತೇವ ಉಳಿದಿದ್ದ ಜಾಗಕ್ಕೆ ಎಣ್ಣೆ ಹತ್ತುವುದಿಲ್ಲ. ಅಲ್ಲಿಂದಲೇ ದೂಳು ಒಳಗಿಳಿಯುತ್ತದೆ. ಫಿಲ್ಟರ್ ಎಣ್ಣೆಯನ್ನು ಹೊರಮೈ, ಒಳಮೈ, ಅಂಚು ಹಾಗೂ ಬೆಸುಗೆಯ ಸಾಲುಗಳಿಗೆ ಸುರಿದು, ಹಿಟ್ಟು ನಾದುವಂತೆ ಮೆಲ್ಲನೆ ಅದುಮುತ್ತ ಎಲ್ಲೆಡೆ ಹರಡಬೇಕು. ಇಂತಹ ಎಣ್ಣೆಗಳಿಗೆ ನೀಲಿ, ಕೆಂಪು ಮುಂತಾದ ಬಣ್ಣ ಬೆರೆಸಿರುವುದು ಅಂದಕ್ಕಲ್ಲ. ಫೋಮ್ ಪೂರ್ತಿ ಒಂದೇ ಬಣ್ಣಕ್ಕೆ ತಿರುಗಿದರೆ ಎಣ್ಣೆ ಸಮನಾಗಿ ಹರಡಿದೆ ಎಂದು ತಿಳಿಯಬಹುದು. ಪೇಲವವಾಗಿ ಕಾಣುವ ಜಾಗಕ್ಕೆ ಇನ್ನಷ್ಟು ಎಣ್ಣೆ ಬೇಕು.

ಹೆಚ್ಚಾದ ಎಣ್ಣೆಯನ್ನು ಅದುಮಿ ತೆಗೆಯುವುದು ಅಷ್ಟೇ ಮುಖ್ಯ. ಮುಟ್ಟಿದರೆ ಅಂಟಬೇಕು, ತೊಟ್ಟಿಕ್ಕಬಾರದು. ಎಣ್ಣೆ ಅತಿಯಾದರೆ ಗಾಳಿಯ ಹರಿವಿಗೆ ತಡೆಯಾಗಿ ಎಂಜಿನ್ ಮಂಕಾಗುತ್ತದೆ. ಅನೇಕ ಫಿಲ್ಟರ್ ಎಣ್ಣೆಗಳಲ್ಲಿ ಸುಲಭವಾಗಿ ಹರಡಲೆಂದು ಆವಿಯಾಗುವ ದ್ರಾವಕ ಬೆರೆಸಿರುತ್ತಾರೆ. ಆ ದ್ರಾವಕ ಆರಿ ಎಣ್ಣೆ ಅಂಟಾಗುವವರೆಗೆ, ಡಬ್ಬಿಯ ಮೇಲೆ ಸೂಚಿಸಿದಷ್ಟು ಹೊತ್ತು ಕಾಯುವುದು ಅವಶ್ಯಕ.

ಎಂಜಿನ್ ಆಯಿಲ್ ಹಚ್ಚಿದರೆ ಸಾಲದೇ ಎಂಬುದು ಸಾಮಾನ್ಯ ಪ್ರಶ್ನೆ. ಎಂಜಿನ್ ಆಯಿಲ್‌ನ ಗುಣ ಹರಿಯುವುದು, ಅಂಟುವುದಲ್ಲ. ಕೆಲ ಹೊತ್ತಿನಲ್ಲೇ ಅದು ಕೆಳಕ್ಕಿಳಿದು ಫೋಮ್‌ನ ಮೇಲ್ಭಾಗ ಒಣಗುತ್ತದೆ. ಕೆಲವು ಹಳೆಯ ಮಾದರಿಗಳ ಕೈಪಿಡಿಗಳಲ್ಲಿ ದಪ್ಪನೆಯ ಗೇರ್ ಆಯಿಲ್ ಸೂಚಿಸಿದ್ದುಂಟು. ಏನಿದ್ದರೂ ಆಯಾ ಬೈಕ್‌ನ ಕೈಪಿಡಿಯ ಮಾತೇ ಅಂತಿಮ.

ಅಂಚಿನಲ್ಲಿದೆ ಗುಟ್ಟು

ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಏರ್ ಬಾಕ್ಸ್‌ಗೆ ಅಂಟಿಕೊಳ್ಳುವ ಅಂಚಿಗೆ ತೆಳುವಾಗಿ ಗ್ರೀಸ್ ಸವರುವುದು ರೂಢಿ. ಏರ್ ಬಾಕ್ಸ್‌ನ ಒಳಗಿನ ಕೊಳೆ ಒರೆಸಿ, ಗುರುತುಗಳನ್ನು ಹೊಂದಿಸಿ ಫಿಲ್ಟರ್ ಕೂರಿಸಿದ ಬಳಿಕ ಅಂಚಿನ ಸುತ್ತ ಬೆರಳಾಡಿಸಿ, ಎಲ್ಲಿಯೂ ಮಡಚಿಕೊಂಡಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ದೂಳಿನ ಹಾದಿಯಲ್ಲಿ ಓಡಿಸಿದರೆ ಪ್ರತಿ ಸವಾರಿಯ ನಂತರವೂ ಫಿಲ್ಟರ್ ತೊಳೆಯುವುದು ಕ್ಷೇಮ. ಮಳೆಗಾಲದಲ್ಲಿ ದೂಳು ಇಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಹಳ್ಳ ದಾಟುವಾಗ ನುಗ್ಗಿದ ನೀರು ಎಣ್ಣೆಯನ್ನು ತೊಳೆದುಬಿಡಬಹುದು. ತಿಂಗಳುಗಟ್ಟಲೆ ನಿಂತ ಬೈಕ್‌ನ ಫಿಲ್ಟರ್‌ನಲ್ಲಿಯೂ ಎಣ್ಣೆ ಕೆಳಕ್ಕಿಳಿದಿರುತ್ತದೆ. ಎರಡು-ಮೂರು ಫಿಲ್ಟರ್‌ಗಳಿದ್ದರೆ ಎಣ್ಣೆ ಹಚ್ಚಿದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿದ್ಧವಾಗಿಟ್ಟುಕೊಂಡು ಒಂದಾದ ಮೇಲೊಂದು ಬಳಸಬಹುದು.

ಎಲ್ಲ ಬೈಕ್‌ಗೂ ಅಲ್ಲ

ಈ ವಿಧಾನ ಫೋಮ್ ಫಿಲ್ಟರ್‌ಗಳಿಗೆ ಮಾತ್ರ ಅನ್ವಯ ಎಂಬುದನ್ನು ಗಮನಿಸಬೇಕು. 1985ರಿಂದ 1996ರವರೆಗೆ ಭಾರತದಲ್ಲಿ ತಯಾರಾದ, ಇಂದಿಗೂ ಅಭಿಮಾನಿಗಳನ್ನು ಉಳಿಸಿಕೊಂಡಿರುವ ಯಮಹಾ ಆರ್‌ಎಕ್ಸ್ 100ರಲ್ಲಿ ಫೋಮ್ ಫಿಲ್ಟರ್ ಇದೆ. ಆದರೆ ಇಂದು ರಸ್ತೆಯಲ್ಲಿ ಓಡುವ ಬಹಳಷ್ಟು ಬೈಕ್‌ಗಳಲ್ಲಿರುವುದು ಕಾಗದದ ಫಿಲ್ಟರ್. ಅದನ್ನು ನೀರಿನಲ್ಲಿ ತೊಳೆದರೆ ಅಥವಾ ಅದಕ್ಕೆ ಫೋಮ್ ಎಣ್ಣೆ ಸುರಿದರೆ ಫಿಲ್ಟರ್ ಕೆಡುತ್ತದೆ, ಗಾಳಿಯೂ ಕಟ್ಟಿಕೊಳ್ಳುತ್ತದೆ. ಕೆಲವರು ಹೊರಗಿನಿಂದ ತಂದು ಹಾಕಿಸುವ ಹತ್ತಿಬಟ್ಟೆಯ ಫಿಲ್ಟರ್‌ಗಳಿಗೆ ಬೇರೆಯದೇ ಆದ ತೆಳು ಎಣ್ಣೆ ಬೇಕು.

ಒಂದು ಡಬ್ಬಿ ಎಣ್ಣೆ, ಒಂದಿಷ್ಟು ಕ್ಲೀನರ್ ಮತ್ತು ಒಣಗುವ ಸಮಯ ಬಿಟ್ಟರೆ ಅರ್ಧ ಗಂಟೆಯ ಶ್ರಮ - ಇವಿಷ್ಟೇ ಈ ಆರೈಕೆಯ ಖರ್ಚು. ಪಿಸ್ಟನ್, ವಾಲ್ವ್, ಸಿಲಿಂಡರ್ ಬದಲಾಯಿಸುವ ವೆಚ್ಚದ ಮುಂದೆ ಇದು ತೀರಾ ಅಲ್ಪ. ಸವಾರಿ ಮುಗಿಸಿ ಬಂದವರು ಬೈಕ್‌ನ ಹೊರಮೈ ಹೊಳೆಯುವಂತೆ ತೊಳೆಯುವ ಮುನ್ನ ಸೀಟಿನ ಕೆಳಗಿನ ಫಿಲ್ಟರ್ ಕಡೆ ಕಣ್ಣು ಹಾಯಿಸುವುದು ಜಾಣತನ.