ಲಕ್ಷ ರೂಪಾಯಿಯ ಸ್ಪೀಕರಿನಲ್ಲಿ ಲಕ್ಷದಷ್ಟು ಸದ್ದು ಇದೆಯೇ?

ಒಣದ್ರಾಕ್ಷಿಗೆ ಒಳ್ಳೆಯ ರೇಟು ಸಿಕ್ಕ ವರ್ಷ ಟಿಕೋಟಾ, ಬಬಲೇಶ್ವರ ಕಡೆಯ ಮನೆಗಳಿಗೆ ದೊಡ್ಡ ಟಿವಿಯ ಜೊತೆಗೆ ಹೋಮ್ ಥಿಯೇಟರೂ ಬರುತ್ತದೆ. ವಿಜಯಪುರದ ಅಂಗಡಿಗೆ ಹೋಗಿ ನಿಂತರೆ ಒಂದೇ ಗೋಡೆಯ ಮೇಲೆ ಹನ್ನೆರಡು ಸಾವಿರದ ಸೆಟ್ಟೂ ಇರುತ್ತದೆ, ಒಂದೂವರೆ ಲಕ್ಷದ್ದೂ ಇರುತ್ತದೆ. "ಎರಡರಾಗೂ ಹಾಡು ಬರ್ತೈತಿ, ಮತ್ತ ಫರಕ್ ಏನ್ರೀ?" ಎಂದು ಕೇಳಿದರೆ ಅಂಗಡಿಯವರು ವ್ಯಾಟು, ಡಾಲ್ಬಿ, ಚಿನ್ನದ ಲೇಪನದ ಕೇಬಲ್ಲು ಎಂದು ಶುರು ಮಾಡುತ್ತಾರೆ. ಕೇಳಿದವರು ತಲೆಯಾಡಿಸಿ ಎರಡರ ನಡುವಿನ ಬೆಲೆಯದ್ದನ್ನು ತೆಗೆದುಕೊಂಡು ಬರುತ್ತಾರೆ.

ಫರಕ್ ಇದೆ. ಎರಡು ಸಾವಿರದ ಪ್ಲಾಸ್ಟಿಕ್ ಡಬ್ಬಿಗೂ ಇಪ್ಪತ್ತು ಸಾವಿರದ ಒಳ್ಳೆಯ ಜೋಡಿ ಸ್ಪೀಕರಿಗೂ ಇರುವ ವ್ಯತ್ಯಾಸ ಯಾರ ಕಿವಿಗೂ ತಿಳಿಯುತ್ತದೆ. ಆದರೆ ಬೆಲೆ ಮೇಲೇರಿದಷ್ಟೂ ಸದ್ದೂ ಅದೇ ಲೆಕ್ಕದಲ್ಲಿ ಚೆನ್ನಾಗುತ್ತದೆ ಎಂಬುದು ಮಾತ್ರ ಸುಳ್ಳು. ಒಂದು ಹಂತ ದಾಟಿದ ಮೇಲೆ ನಿಮಗೆ ಏನು ಕೇಳುತ್ತದೆ ಎಂಬುದನ್ನು ಸ್ಪೀಕರಿಗಿಂತ ಹೆಚ್ಚಾಗಿ ನಿಮ್ಮ ಕೋಣೆ ಮತ್ತು ನಿಮ್ಮ ಕಿವಿ ನಿರ್ಧರಿಸುತ್ತವೆ. ಅಂಗಡಿಯಲ್ಲಿ ಈ ಎರಡರ ಬಗ್ಗೆ ಯಾರೂ ಮಾತಾಡುವುದಿಲ್ಲ, ಏಕೆಂದರೆ ಎರಡೂ ಅಲ್ಲಿ ಮಾರಾಟಕ್ಕಿಲ್ಲ.

ಮೊದಲು ಡಬ್ಬದ ಮೇಲಿನ ಅಂಕಿಯನ್ನು ನೋಡೋಣ. ಅಗ್ಗದ ಸೆಟ್ಟುಗಳ ಮೇಲೆ "5000 ವ್ಯಾಟ್ ಪಿಎಂಪಿಓ" ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಈ ಪಿಎಂಪಿಓ ಅಳೆಯಲು ಒಪ್ಪಿತವಾದ ನಿಯಮವೇ ಇಲ್ಲ, ಕಂಪನಿಗೆ ತೋಚಿದಷ್ಟು ಬರೆಯಬಹುದು. ನಂಬಬಹುದಾದದ್ದು ಆರ್‌ಎಂಎಸ್ ಎಂಬ ಅಂಕಿ; ಅಂದರೆ ಯಂತ್ರ ನಿರಂತರವಾಗಿ ಎಷ್ಟು ವ್ಯಾಟ್ ಕೊಡಬಲ್ಲದು ಎಂಬುದು. ಡಬ್ಬದ ಮೇಲೆ ಅದೂ ಇಲ್ಲದಿದ್ದರೆ ಯಂತ್ರದ ಹಿಂಬದಿಯ ಅಥವಾ ಅಡಾಪ್ಟರಿನ ಮೇಲಿನ ಚೀಟಿ ಓದಿ. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಗುಣಿಸಿ ನೋಡಿ: 24 ವ್ಯಾಟ್. ಇಪ್ಪತ್ನಾಲ್ಕು ವ್ಯಾಟ್ ಒಳಗೆ ಹೋಗುವ ಪೆಟ್ಟಿಗೆಯಿಂದ ಐದು ಸಾವಿರ ವ್ಯಾಟ್ ಹೊರಗೆ ಬರುವುದಾದರೆ ಹೆಸ್ಕಾಂ ಬಿಲ್ಲಿನ ಚಿಂತೆ ನಮಗ್ಯಾರಿಗೂ ಇರುತ್ತಿರಲಿಲ್ಲ.

ವ್ಯಾಟ್ ನಿಜವಾಗಿ ಇದ್ದರೂ ಅದರ ಲೆಕ್ಕವೇ ಬೇರೆ. 50 ವ್ಯಾಟಿನ ಬದಲು 100 ವ್ಯಾಟ್ ಕೊಟ್ಟರೆ ಸದ್ದು ಇಮ್ಮಡಿಯಾಗುವುದಿಲ್ಲ, 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಇಮ್ಮಡಿ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಮನೆಯಲ್ಲಿ ಕೂತು ಹಾಡು ಕೇಳುವಾಗ ಸಾಮಾನ್ಯ ಸ್ಪೀಕರು ಬಳಸುವುದು ಒಂದೆರಡು ವ್ಯಾಟನ್ನು ಮಾತ್ರ. ಉಳಿದದ್ದು ಸಿನಿಮಾದಲ್ಲಿ ಬಾಂಬು ಸಿಡಿಯುವ ಕ್ಷಣಕ್ಕೆ ಇಟ್ಟುಕೊಂಡ ಜಮೆ.

ಇನ್ನು ಬೆಲೆಗೂ ಸದ್ದಿಗೂ ಇರುವ ನಂಟು. ಇದನ್ನು ಪರೀಕ್ಷಿಸುವ ಪ್ರಾಮಾಣಿಕ ದಾರಿ, ಕೇಳುವವರಿಗೆ ಯಾವ ಸ್ಪೀಕರು ಬಾರಿಸುತ್ತಿದೆ ಎಂದು ತಿಳಿಯದಂತೆ ಪರದೆ ಕಟ್ಟುವುದು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಇಬ್ಬರು ಸಂಶೋಧಕರು 1994ರಲ್ಲಿ ಹರ್ಮನ್ ಎಂಬ ಸ್ಪೀಕರ್ ಕಂಪನಿಯ ಉದ್ಯೋಗಿಗಳ ಮೇಲೆಯೇ ಇದನ್ನು ಮಾಡಿದರು. ಅದೇ ನಾಲ್ಕು ಸ್ಪೀಕರುಗಳನ್ನು ಒಮ್ಮೆ ಪರದೆಯ ಹಿಂದೆ, ಇನ್ನೊಮ್ಮೆ ಕಣ್ಣೆದುರು ಇಟ್ಟು 40 ಜನರಿಗೆ ಕೇಳಿಸಿದರು. ಕಣ್ಣಿಗೆ ಕಂಡಾಗ ದೊಡ್ಡ, ದುಬಾರಿ ಸ್ಪೀಕರುಗಳಿಗೆ ಅಂಕ ಏರಿತು, ಚಿಕ್ಕ ಅಗ್ಗದ್ದಕ್ಕೆ ಇಳಿಯಿತು. ಇವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಹಾಗೆಯೇ ಕೇಳಿಸಿತು. ಬೆಲೆಚೀಟಿ ನೋಡಿದ ಮಿದುಳು ಕಿವಿಯ ವರದಿಯನ್ನು ತಿದ್ದುತ್ತದೆ. ಇದೇ ಕಾರಣಕ್ಕೆ "ನನಗೆ ಫರಕ್ ಸ್ಪಷ್ಟ ಕೇಳಿಸ್ತು" ಎಂಬ ಗೆಳೆಯನ ಮಾತು ಪ್ರಾಮಾಣಿಕವಾಗಿದ್ದರೂ ಪುರಾವೆ ಆಗುವುದಿಲ್ಲ.

2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನುಗಳನ್ನು ಅಳೆದು, ಯಾವ ಸ್ವರವನ್ನು ಎಷ್ಟು ಜೋರಾಗಿ ನುಡಿಸುತ್ತವೆ ಎಂಬುದಕ್ಕೂ ಅವುಗಳ ಬೆಲೆಗೂ ಸಂಬಂಧವೇ ಇಲ್ಲ ಎಂದು ತೋರಿಸಿದರು. "ಹೈ-ರೆಸಲ್ಯೂಶನ್" ಎಂದು ಹೆಚ್ಚು ದುಡ್ಡಿಗೆ ಮಾರುವ ಹಾಡುಗಳದ್ದೂ ಇದೇ ಕಥೆ. ಸಿಡಿ ಸೆಕೆಂಡಿಗೆ 44,100 ಸಲ ಸದ್ದಿನ ಅಳತೆ ತೆಗೆಯುತ್ತದೆ. ಸುಮಾರು 22,000 ಹರ್ಟ್ಸ್‌ವರೆಗಿನ ಸ್ವರ ಹಿಡಿಯಲು ಅಷ್ಟು ಸಾಕು. ಮನುಷ್ಯನ ಕಿವಿಯ ಮಿತಿ 20,000, ಅದೂ ಎಳೆ ವಯಸ್ಸಿನಲ್ಲಿ. ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೈ-ರೆಸಲ್ಯೂಶನ್ ಯಾವುದು, ಸಿಡಿ ಗುಣಮಟ್ಟ ಯಾವುದು ಎಂದು 554 ಸಲ ಕೇಳಿದಾಗ ಸರಿ ಉತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಮುಂದೆ 2016ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತರಬೇತಿ ಪಡೆದವರು ತುಸು ಹೆಚ್ಚು ಸಲ ಗುರುತಿಸುತ್ತಾರೆ ಎಂದು ಕಂಡಿತು. ಟಿಕೋಟಾದ ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿರುವಾಗ ಆ "ತುಸು"ವಿಗೆ ಎಷ್ಟು ಕೊಡಬೇಕೆಂದು ನೀವೇ ಲೆಕ್ಕ ಹಾಕಿ.

ಕೇಬಲ್ಲಿನ ವಿಷಯ ಬೇಗ ಮುಗಿಯುತ್ತದೆ. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು 5 ಮೀಟರ್ ದೂರ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ಪ್ರತಿರೋಧ ಸುಮಾರು 0.07 ಓಮ್. ಸ್ಪೀಕರಿನದ್ದು ಸಾಮಾನ್ಯವಾಗಿ 8 ಓಮ್. ಇದರಿಂದ ಆಗುವ ನಷ್ಟ ಒಂದು ಡೆಸಿಬೆಲ್ಲಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಚಿನ್ನದ ಲೇಪನದಿಂದ ತುದಿಗೆ ಕಿಲುಬು ಹಿಡಿಯುವುದಿಲ್ಲ, ಅಷ್ಟು ಲಾಭ ನಿಜ. ಎಚ್‌ಡಿಎಂಐಯಂಥ ಡಿಜಿಟಲ್ ಕೇಬಲ್ ಒಂದೋ ಸರಿಯಾಗಿ ಕೆಲಸ ಮಾಡುತ್ತದೆ, ಇಲ್ಲವೇ ಸದ್ದು ಕಡಿದು ಕಡಿದು ಬರುತ್ತದೆ. "ಇನ್ನೂ ಇಂಪಾಗಿ" ಕೆಲಸ ಮಾಡಲು ಅದಕ್ಕೆ ಬರುವುದಿಲ್ಲ.

ಈಗ ಕೋಣೆ. ಇದನ್ನು ವಿವರಿಸಲು ವಿಜಯಪುರಕ್ಕಿಂತ ಒಳ್ಳೆಯ ಊರು ಸಿಗಲಾರದು. ಮುಹಮ್ಮದ್ ಆದಿಲ್ ಶಾಹನ ಗೋರಿಯಾದ, 1656ರಲ್ಲಿ ಮುಗಿದ ಗೋಲಗುಂಬಜದ ಗ್ಯಾಲರಿಯಲ್ಲಿ ಒಬ್ಬರು ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ, ಎದುರಿನ ತುದಿಯಲ್ಲಿ ಸುಮಾರು 37 ಮೀಟರ್ ಆಚೆ ಇರುವವರಿಗೆ ಕೇಳುತ್ತದೆ. ಒಂದು ಚಪ್ಪಾಳೆ ಏಳು ಸಲ ಮರಳಿ ಬರುತ್ತದೆ ಎಂದು ಗೈಡುಗಳು ಎಣಿಸಿ ತೋರಿಸುತ್ತಾರೆ. ಅಲ್ಲಿ ಆಂಪ್ಲಿಫೈಯರ್ ಇಲ್ಲ. ಎಲ್ಲ ಕೆಲಸ ಗಟ್ಟಿಯಾದ, ನುಣುಪಾದ, ಬಾಗಿದ ಗೋಡೆಯದು. ಸದ್ದು ಗೋಡೆಗುಂಟ ಜಾರಿಕೊಂಡು ಹೋಗುತ್ತದೆ, ಗಾರೆ ಅದನ್ನು ಹೀರದೆ ವಾಪಸು ಕಳಿಸುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಇಂಥದೇ ಗ್ಯಾಲರಿಯನ್ನು ಸಿ. ವಿ. ರಾಮನ್ 1920ರ ದಶಕದ ಆರಂಭದಲ್ಲಿ ಅಧ್ಯಯನ ಮಾಡಿದ್ದರು. ಅದೇ ಗೋಲಗುಂಬಜದ ನಡುವೆ ನಿಂತು ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಒಂದು ವಾಕ್ಯವೂ ಅರ್ಥವಾಗುವುದಿಲ್ಲ, ಏಕೆಂದರೆ ಹೋದ ಮಾತು ಬರುವ ಮಾತಿಗೆ ಡಿಕ್ಕಿ ಹೊಡೆಯುತ್ತದೆ. ಅಲ್ಲಿ ಜಗತ್ತಿನ ಅತಿ ದುಬಾರಿ ಸ್ಪೀಕರ್ ತಂದಿಟ್ಟರೂ ಹಾಡು ಕಲಸುಮೇಲೋಗರ ಆಗುತ್ತದೆ.

ನಮ್ಮ ಹೊಸ ಮನೆಗಳು ಪುಟ್ಟ ಗೋಲಗುಂಬಜಗಳೇ. ಆರ್‌ಸಿಸಿ ಸ್ಲ್ಯಾಬು, ಪುಟ್ಟಿ ಬಳಿದ ಗೋಡೆ, ಹೊಳೆಯುವ ಟೈಲ್ಸು, ಗಾಜಿನ ಕಿಟಕಿ. ಕೋಣೆಯಲ್ಲಿ ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕುವ ಸೂತ್ರವನ್ನು ನೂರಕ್ಕೂ ಹೆಚ್ಚು ವರ್ಷದ ಹಿಂದೆ ಹಾರ್ವರ್ಡಿನ ವಾಲೇಸ್ ಸಬೈನ್ ಕಂಡುಹಿಡಿದರು. ಅವರು ಅದಕ್ಕೆ ಬಳಸಿದ ಮುಖ್ಯ ಉಪಕರಣ ಕುರ್ಚಿಯ ಮೆತ್ತೆಗಳು; ರಾತ್ರಿ ಹೊತ್ತು ಉಪನ್ಯಾಸದ ಕೋಣೆಗೆ ಅವನ್ನು ಹೊತ್ತು ತಂದು ಸದ್ದು ಎಷ್ಟು ಬೇಗ ಅಡಗುತ್ತದೆ ಎಂದು ಅಳೆಯುತ್ತಿದ್ದರು. ಆ ಸೂತ್ರದಂತೆ 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಖಾಲಿ ಕೋಣೆಯ ಗೋಡೆ-ನೆಲಗಳು ಬಿದ್ದ ಸದ್ದಿನ ಶೇ. 3ರಷ್ಟನ್ನು ಮಾತ್ರ ಹೀರಿದರೆ, ಸದ್ದು ಅಡಗಲು ಸುಮಾರು 3 ಸೆಕೆಂಡ್ ಬೇಕು. ಮಾತಾಡುವವರು ಅಷ್ಟರಲ್ಲಿ ಇನ್ನೊಂದು ವಾಕ್ಯ ಮುಗಿಸಿರುತ್ತಾರೆ. ಅದೇ ಕೋಣೆಗೆ ಗಾದಿ, ದಪ್ಪ ಪರದೆ, ಜಮಖಾನೆ, ಬಟ್ಟೆ, ಜನ ಬಂದರೆ ಇದು ಮುಕ್ಕಾಲು ಸೆಕೆಂಡಿನೊಳಗೆ ಇಳಿಯುತ್ತದೆ. ಗೃಹಪ್ರವೇಶದ ದಿನ ಗುಂಯ್‌ಗುಡುತ್ತಿದ್ದ ಮನೆ ಸಾಮಾನು ತುಂಬಿದ ಮೇಲೆ ಸುಮ್ಮನಾಗುವುದು ಇದಕ್ಕೇ. ಮಣ್ಣಿನ ಮಾಳಿಗೆಯ, ಜೋಳದ ಚೀಲ ಒಟ್ಟಿದ ಹಳೆಯ ಮನೆಗಳಲ್ಲಿ ಅಜ್ಜನ ಸಣ್ಣ ರೇಡಿಯೊ ಅಷ್ಟು ಸ್ಪಷ್ಟವಾಗಿ ಕೇಳುತ್ತಿದ್ದುದರಲ್ಲಿ ರೇಡಿಯೊದಷ್ಟೇ ಪಾಲು ಆ ಚೀಲಗಳದ್ದೂ ಇರಬೇಕು.

ಹಾಗಾಗಿ ನನ್ನ ಸಲಹೆ ಕೌದಿ. ನಗಬೇಡಿ. ಹಲವು ಪದರ ಬಟ್ಟೆಯನ್ನು ಒತ್ತಾಗಿ ಹೊಲಿದ ಕೌದಿ ಮಾತು ಮತ್ತು ಅದಕ್ಕಿಂತ ಏರಿದ ಸ್ವರಗಳನ್ನು ಚೆನ್ನಾಗಿ ಹೀರುತ್ತದೆ. ಸ್ಪೀಕರಿನ ಎದುರಿನ ಗೋಡೆಗೆ, ಆದರೆ ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ತೂಗುಹಾಕಿದರೆ ಇನ್ನೂ ಒಳ್ಳೆಯದು. ಅವ್ವ ಹೊಲಿದ ಕೌದಿಯನ್ನು ಟ್ರಂಕಿನಲ್ಲಿಟ್ಟು ಅಂಗಡಿಯಿಂದ ದುಬಾರಿ ಫೋಮ್ ಹಲಗೆ ತರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೌದಿಗೆ ಬಗ್ಗದೆ ಉಳಿಯುವುದು ಬೇಸ್, ಅಂದರೆ ಇಳಿದ ಸ್ವರ. 12 ಅಡಿಯ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ ಸ್ವರ ಸಿಕ್ಕಿಕೊಂಡು ಹಿಗ್ಗುತ್ತದೆ. ಕೋಣೆ ಚೌಕವಾಗಿದ್ದರೆ ಎರಡೂ ಜೋಡಿ ಗೋಡೆಗಳು ಅದೇ ಸ್ವರವನ್ನು ಹಿಗ್ಗಿಸುತ್ತವೆ. ಮೂಲೆಯಲ್ಲಿ ಕೂತವರಿಗೆ ಎದೆ ನಡುಗುವಷ್ಟು "ಧಂ", ನಡುವೆ ಕೂತವರಿಗೆ ಏನೂ ಇಲ್ಲ. ಇದಕ್ಕೆ ದುಡ್ಡಿಲ್ಲದ ಒಂದು ಉಪಾಯವಿದೆ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿ ಇಟ್ಟು ಹಾಡು ಹಚ್ಚಿ, ನೀವು ಗೋಡೆಗುಂಟ ಬಗ್ಗಿ ನಡೆಯುತ್ತಾ ಎಲ್ಲಿ ಬೇಸ್ ಸಮವಾಗಿ ಕೇಳುತ್ತದೆ ಎಂದು ನೋಡಿ. ಆಮೇಲೆ ಸಬ್‌ವೂಫರ್ ಅಲ್ಲಿಗೆ ಹೋಗಲಿ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ.

ಕೊನೆಯದು ಕಿವಿ. ಎಷ್ಟೋ ಮನೆಗಳಲ್ಲಿ ದೊಡ್ಡ ಸ್ಪೀಕರು ಬರುವುದು ಹಾಡಿಗಲ್ಲ, "ಅಪ್ಪಗ ಟಿವಿ ಸರಿ ಕೇಳ್ಸವಲ್ದು" ಎಂಬ ಕಾರಣಕ್ಕೆ. ವರ್ಷಗಟ್ಟಲೆ ಟ್ರ್ಯಾಕ್ಟರ್ ಮೇಲೆ ಕೂತು ದ್ರಾಕ್ಷಿಗೆ ಔಷಧ ಹೊಡೆದವರ ಕಿವಿ ಮೊದಲು ಕಳೆದುಕೊಳ್ಳುವುದು ಏರಿದ ಸ್ವರಗಳನ್ನು. ದಿನಕ್ಕೆ 8 ಗಂಟೆಯ ಕೆಲಸಕ್ಕೆ 85 ಡೆಸಿಬೆಲ್ ಮಿತಿ ಎನ್ನುತ್ತಾರೆ, ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರು ಅದನ್ನು ಸುಲಭವಾಗಿ ದಾಟುತ್ತದೆ. ಏರಿದ ಸ್ವರ ಹೋದರೆ ವ್ಯಂಜನಗಳು ಮಸುಕಾಗುತ್ತವೆ. ಸಾಲು, ಕಾಲು, ಪಾಲು, ಹಾಲು ಎಲ್ಲವೂ "ಆಲು" ಎಂದೇ ಕೇಳುತ್ತವೆ. ವಾಲ್ಯೂಮ್ ಏರಿಸಿದರೆ ಆ "ಆಲು" ಇನ್ನೂ ಜೋರಾಗುತ್ತದೆ, ಸ್ಪಷ್ಟವಾಗುವುದಿಲ್ಲ. ಮನೆಯ ಉಳಿದವರಿಗೆ ತಲೆನೋವು. ಇಂಥ ಕಡೆ ಒಂದೂವರೆ ಲಕ್ಷದ ಸೆಟ್ಟು ದಂಡ. ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಹೋಗಿ ಆಡಿಯೋಮೆಟ್ರಿ ಮಾಡಿಸಿ. ಯಾವ ಸ್ವರ ಎಷ್ಟು ಕಡಿಮೆಯಾಗಿದೆ ಎಂದು ಅದು ಹೇಳುತ್ತದೆ, ಶ್ರವಣಯಂತ್ರವನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ಆ ಯಂತ್ರ ಟಿವಿಗೆ ಮಾತ್ರವಲ್ಲ, ಕಟ್ಟೆಯ ಮೇಲೆ ಕೂತು ಮಾತಾಡಲೂ ಆಗುತ್ತದೆ. ಕಿವಿ ಸರಿ ಇದ್ದೂ ಸಿನಿಮಾದ ಮಾತು ಕೇಳದಿದ್ದರೆ, 5.1 ಸೆಟ್ಟಿನಲ್ಲಿ ಮಾತೆಲ್ಲ ಬರುವ ನಡುವಿನ ಸ್ಪೀಕರಿನ ಸದ್ದನ್ನು ಮಾತ್ರ ಸೆಟ್ಟಿಂಗಿನಲ್ಲಿ ಏರಿಸಿ ನೋಡಿ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಸ್ಪೀಕರಿಗೆ, ಅದೂ ಐದು ಅಗ್ಗದ ಪೆಟ್ಟಿಗೆಗಳ ಬದಲು ಎರಡು ಒಳ್ಳೆಯವಕ್ಕೆ. ವಿಜಯಪುರದಲ್ಲೇ ರಿಪೇರಿ ಆಗುತ್ತದೆಯೋ ಇಲ್ಲಾ ಹುಬ್ಬಳ್ಳಿಗೆ ಕಳಿಸಬೇಕೋ ಎಂದು ಕೇಳಿಕೊಂಡು ಕೊಳ್ಳಿ. ಸೆಟ್ಟಿನಿಂದ "ಹುಂ..." ಎಂಬ ಸದ್ದು ಬರುತ್ತಿದ್ದರೆ ದುಬಾರಿ ಪವರ್ ಕೇಬಲ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆದು ಅರ್ಥಿಂಗ್ ನೋಡಿಸಿ, ಸೆಟ್ಟಿಗಷ್ಟೇ ಅಲ್ಲ, ಮನೆಯವರ ಜೀವಕ್ಕೂ ಅದು ಬೇಕು. ಅಂಗಡಿಗೆ ಹೋಗುವಾಗ ನಿಮಗೆ ಬಾಯಿಪಾಠವಾದ ಒಂದು ಹಾಡನ್ನು ಮೊಬೈಲಿನಲ್ಲಿ ಒಯ್ಯಿರಿ. ಎರಡು ಸೆಟ್ಟುಗಳ ಸದ್ದನ್ನು ಸಮ ಮಾಡಿಸಿ. ಇದು ಮುಖ್ಯ, ಕೂದಲೆಳೆಯಷ್ಟು ಜೋರಾಗಿದ್ದದ್ದೂ ಕಿವಿಗೆ "ಚೊಲೋ" ಅನ್ನಿಸುತ್ತದೆ. ಆಮೇಲೆ ಬೆನ್ನು ತಿರುಗಿಸಿ ನಿಂತು, ಜೊತೆಗೆ ಬಂದವರಿಗೆ ಹೇಳದೆ ಕೇಳದೆ ಬದಲಾಯಿಸಲು ಹೇಳಿ. ಹತ್ತು ಸಲದಲ್ಲಿ ಐದಾರು ಸಲ ಮಾತ್ರ ಗುರುತಿಸಿದರೆ ಅಗ್ಗದ್ದನ್ನೇ ಕಟ್ಟಿಸಿಕೊಂಡು ಬನ್ನಿ.